ಮನವಿ ಕೊಟ್ಟ ಫೋಟೋ ಸಾಲದು: ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಮಾರ್ಗದರ್ಶಿ

ದಾವಣಗೆರೆಯ ಜಯದೇವ ವೃತ್ತದ ಹತ್ತಿರ ಅಂಗಡಿ ಇಟ್ಟವರನ್ನು ಕೇಳಿ ನೋಡಿ. ಪ್ರತಿಭಟನೆ ಇಲ್ಲದ ವಾರ ಅವರಿಗೆ ನೆನಪಿರುವುದಿಲ್ಲ. ಬ್ಯಾನರ್ ಬರುತ್ತದೆ, ಘೋಷಣೆ ಕೂಗುತ್ತಾರೆ, ಮೆರವಣಿಗೆ ಉಪವಿಭಾಗಾಧಿಕಾರಿ ಕಚೇರಿ ಮುಟ್ಟುತ್ತದೆ. ಅಧಿಕಾರಿ ಹೊರಗೆ ಬಂದು ಮನವಿ ಪತ್ರ ಇಸಿದುಕೊಳ್ಳುತ್ತಾರೆ. ಎಲ್ಲರೂ ಕಾಗದದ ಒಂದೊಂದು ಅಂಚು ಹಿಡಿದು ಫೋಟೋಗೆ ನಿಲ್ಲುತ್ತಾರೆ. ಮರುದಿನ ಪೇಪರಿನಲ್ಲಿ ಎರಡು ಕಾಲಂ ಸುದ್ದಿ. ಅಲ್ಲಿಗೆ ಮುಗೀತು.

ಅಂಥ ಫೋಟೋಗಳಲ್ಲಿ ಒಂದೆರಡರಲ್ಲಿ ನಾನೂ ಇದ್ದೇನೆ. ನಮ್ಮ ಬೀದಿಯ ಚರಂಡಿ ಮಳೆ ಬಂದಾಗಲೆಲ್ಲ ಮನೆಯೊಳಗೆ ಬರುತ್ತಿತ್ತು. ಮೂರು ಕಡೆ ಮನವಿ ಕೊಟ್ಟೆವು. ಮೂರೂ ಕಡೆ 'ನೋಡೋಣ' ಅಂದರು. ಕೊನೆಗೆ ಒಂದು ಕಚೇರಿಯ ಗುಮಾಸ್ತರು ಕನಿಕರಪಟ್ಟು ನಿಜ ಹೇಳಿದರು: "ಯಜಮಾನ್ರೇ, ಈ ವರ್ಷದ ಕ್ರಿಯಾ ಯೋಜನೆ ಆಗಿಹೋಗಿದೆ. ಡಿಸೆಂಬರ್‌ನಲ್ಲಿ ಬಂದಿದ್ರೆ ಒಂದು ಸಾಲು ಸೇರಿಸಬಹುದಿತ್ತು. ನೀವು ಎಲ್ಲಾ ಮುಗಿದ ಮೇಲೆ ಬಂದ್ರಿ."

ಒಂದು ಸಾಲು. ಸರ್ಕಾರದಲ್ಲಿ ಯಾವ ಕೆಲಸವಾದರೂ ಕೊನೆಗೆ ಬರುವುದು ಅಲ್ಲಿಗೇ. ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿಯಲ್ಲಿ, ಒಂದು ಸಾಲು, ಬಜೆಟ್‌ನಲ್ಲಿ ಒಂದು ಸಾಲು, ನಿಯಮದಲ್ಲಿ ಒಂದು ಸಾಲು. ನಿಮ್ಮ ಸಾಲು ಅದರೊಳಗೆ ಸೇರಬೇಕು. ಸೇರುವುದು ಸಹಿ ಬೀಳುವ ಮುಂಚೆ. ಅದನ್ನು ಹೇಗೆ ಸೇರಿಸುವುದು ಅಂತ, ನಾನು ತಪ್ಪು ಮಾಡಿ ಕಲಿತಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು: ಬೇಡಿಕೆಯನ್ನು ಒಂದು ಸಾಲಿಗೆ ಇಳಿಸಿ

'ನಮ್ಮ ಬಡಾವಣೆಗೆ ಮೂಲಸೌಕರ್ಯ ಕಲ್ಪಿಸಬೇಕು' ಅಂತ ಬರೆದರೆ ಅದಕ್ಕೆ ಉತ್ತರ ಕೊಡುವುದು ಬಹಳ ಸುಲಭ: 'ಪರಿಶೀಲಿಸಲಾಗುವುದು'. 'ಇಂಥ ವಾರ್ಡಿನ ಇಂಥ ಅಡ್ಡರಸ್ತೆಯಲ್ಲಿ, ಇಂಥ ಮನೆಯಿಂದ ದೊಡ್ಡ ಮೋರಿವರೆಗೆ ಸುಮಾರು 120 ಮೀಟರ್ ಚರಂಡಿ ಇಲ್ಲ, 2 ಕಡೆ ಕಲ್ಲು ಕುಸಿದಿದೆ' ಅಂತ ಬರೆದು ನೋಡಿ. ಈಗ ಎಂಜಿನಿಯರ್ ಟೇಪು ಹಿಡಿದು ಬರಲೇಬೇಕು, ಇಲ್ಲವೇ ಬರುವುದಿಲ್ಲ ಅಂತ ಬರೆದುಕೊಡಬೇಕು. ಎರಡೂ ನಿಮಗೆ ಲಾಭವೇ.

ಒಂದು ಕಾಗದಕ್ಕೆ ಒಂದೇ ಬೇಡಿಕೆ. ನಮ್ಮವರು ಒಂದೇ ಮನವಿಯಲ್ಲಿ ಚರಂಡಿ, ಬೀದಿದೀಪ, ಹಂದಿ ಕಾಟ, ಸರ್ಕಾರಿ ಶಾಲೆಗೆ ಕಾಂಪೌಂಡು ಎಲ್ಲ ತುರುಕುತ್ತಾರೆ. ಆ ಕಾಗದ ನಾಲ್ಕು ಕಡೆ ಹೋಗಬೇಕು. ಹೋಗುವುದು ಮಾತ್ರ ಒಂದು ಕಡೆ.

ಯಾರ ಮೇಜು ಅಂತ ಗೊತ್ತು ಮಾಡಿಕೊಳ್ಳಿ

ಜನ ಅರ್ಧ ಸೋಲುವುದು ಇಲ್ಲಿ. ದಾವಣಗೆರೆ ಮಹಾನಗರ ಪಾಲಿಕೆಗೆ 45 ವಾರ್ಡ್. ಬೀದಿಯ ಚರಂಡಿ, ಕಸ, ಬೀದಿದೀಪಕ್ಕೆ ಆ ವಾರ್ಡಿನ ಎಂಜಿನಿಯರ್ ಮತ್ತು ಆರೋಗ್ಯ ನಿರೀಕ್ಷಕರೇ ಮೊದಲ ಮೆಟ್ಟಿಲು. ಚಿತ್ರದುರ್ಗದಲ್ಲಿ ಇರುವುದು ನಗರಸಭೆ, ಅಲ್ಲಿ ಪೌರಾಯುಕ್ತರು. ಆದರೆ ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ ಅಂದರೆ ಪಾಲಿಕೆ ಮುಟ್ಟುವುದಿಲ್ಲ. ಆಗ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾದಲ್ಲಿ ವಿಚಾರಿಸಬೇಕು. ಹೆದ್ದಾರಿ 48ರ ಸರ್ವಿಸ್ ರಸ್ತೆ ಕೆಟ್ಟಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಪಾಲಿಕೆಗೆ ಬೈದು ಪ್ರಯೋಜನ ಇಲ್ಲ. ಕರೆಂಟು ಎರಡೂ ಜಿಲ್ಲೆಗೆ ಬೆಸ್ಕಾಂ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಭದ್ರಾ ನಾಲೆ ಕರ್ನಾಟಕ ನೀರಾವರಿ ನಿಗಮದ ಕೆಳಗೆ, ಭದ್ರಾ ಮೇಲ್ದಂಡೆ ಯೋಜನೆ ವಿಶ್ವೇಶ್ವರಯ್ಯ ಜಲ ನಿಗಮದ ಕೆಳಗೆ.

ಕೆರೆಯ ವಿಷಯ ಇನ್ನೂ ಗೋಜಲು. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪಂಚಾಯಿತಿ ವ್ಯವಸ್ಥೆಯ ಕೈಯಲ್ಲಿ, 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ಒತ್ತುವರಿ ಬಿಡಿಸುವುದು, ಸರ್ವೆ ಮಾಡಿಸುವುದು ಮಾತ್ರ ತಹಶೀಲ್ದಾರರ ಕಡೆಯ ಕೆಲಸ. ಹಾಗಾಗಿ ಹೂಳಿಗೆ ಒಂದು ಅರ್ಜಿ, ಒತ್ತುವರಿಗೆ ಇನ್ನೊಂದು.

ಯಾರ ಮೇಜು ಅಂತ ಎಷ್ಟು ವಿಚಾರಿಸಿದರೂ ತಿಳಿಯದಿದ್ದರೆ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದಾಖಲಿಸಿ. ಸಮಸ್ಯೆ ಬಗೆಹರಿಯುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಆದರೆ ದೂರು ಯಾವ ಇಲಾಖೆಗೆ ವರ್ಗ ಆಯಿತು ಅನ್ನುವುದಾದರೂ ತಿಳಿಯುತ್ತದೆ. ಅಷ್ಟೇ ಅರ್ಧ ಕೆಲಸ.

ತಿಂಗಳು ನೋಡಿಕೊಂಡು ಹೋಗಿ

ಬಿತ್ತನೆಗೆ ಕಾಲ ಇದ್ದ ಹಾಗೆ ಅರ್ಜಿಗೂ ಕಾಲ ಇದೆ. ಮೆಕ್ಕೆಜೋಳ ಯಾವಾಗ ಬಿತ್ತಬೇಕು ಅಂತ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಜೆಟ್ ಯಾವಾಗ ಬಿತ್ತುತ್ತಾರೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ!

ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಶುರು, ಮಾರ್ಚ್‌ಗೆ ಮುಕ್ತಾಯ. ಗ್ರಾಮ ಪಂಚಾಯಿತಿ ಮುಂದಿನ ವರ್ಷದ ಯೋಜನೆಯನ್ನು ಗಾಂಧಿ ಜಯಂತಿ ಆಸುಪಾಸಿನಿಂದ ತಯಾರು ಮಾಡಲು ಕೂರುತ್ತದೆ. ಪಾಲಿಕೆ, ನಗರಸಭೆಗಳು ಬಜೆಟ್ ಮಂಡಿಸುವ ಮುಂಚೆ ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತವೆ. ಅದರ ಪ್ರಕಟಣೆ ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಕೆ ಬರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಆ ಪುಟ ಬಿಡದೆ ನೋಡಿ. ಸಭೆಗೆ ಬರುವವರು ತೀರಾ ಕಡಿಮೆ. ಹತ್ತು ಜನ ಹೋಗಿ, ಒಂದೇ ವಿಷಯವನ್ನು ಬರೆದುಕೊಂಡು ಹೋಗಿ ಕೊಟ್ಟರೆ ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ, ಸೇರುತ್ತದೆ. ನಮ್ಮ ಚರಂಡಿ ಕೊನೆಗೆ ಪಟ್ಟಿಗೆ ಸೇರಿದ್ದು ಇಂಥದೇ ಒಂದು ಸಭೆಯಿಂದ. ಕೂಗಾಡಿದ್ದಕ್ಕಲ್ಲ, ಜನವರಿಯಲ್ಲಿ ಹೋಗಿದ್ದಕ್ಕೆ.

ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಕಾಲದಲ್ಲಿ 'ಕಾರ್ಪೊರೇಟರೇ ಇಲ್ಲ, ಯಾರಿಗೆ ಹೇಳೋಣ' ಅಂತ ಕೈ ಚೆಲ್ಲಬೇಡಿ. ಆಗಲೂ ಬಜೆಟ್ ಆಗುತ್ತದೆ. ಪತ್ರವನ್ನು ಆಯುಕ್ತರಿಗೂ ಆಡಳಿತಾಧಿಕಾರಿಗೂ ಕೊಡಿ. ಮತ್ತೆ, ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ಹೊಸ ಕಾಮಗಾರಿ ಶುರುವಾಗುವುದಿಲ್ಲ. ಅದನ್ನೂ ಲೆಕ್ಕ ಹಾಕಿಕೊಳ್ಳಿ.

ನಾಲೆಯ ಕೊನೆ ಭಾಗದ ರೈತರಿಗೆ ಕಾಲದ ಮಾತು ಇನ್ನೂ ಜಾಸ್ತಿ ಮುಖ್ಯ. ಭದ್ರಾ ನೀರು ಯಾವತ್ತು ಬಿಡಬೇಕು, ಎಷ್ಟು ದಿನ ಬಿಡಬೇಕು, ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನ ಆಗುವುದು ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ. ಅಡಿಕೆ ತೋಟದವರ ಲೆಕ್ಕ ಬೇರೆ, ಭತ್ತದವರ ಲೆಕ್ಕ ಬೇರೆ. ತೀರ್ಮಾನ ಆದ ಮೇಲೆ ಹೆದ್ದಾರಿ ತಡೆದರೆ ಪೊಲೀಸ್ ಕೇಸು ಗ್ಯಾರಂಟಿ, ನೀರು ಗ್ಯಾರಂಟಿ ಇಲ್ಲ. ಸಭೆಗೆ ಹತ್ತು ದಿನ ಮುಂಚೆ ನಿಮ್ಮ ಉಪನಾಲೆಯಲ್ಲಿ ಹಿಂದಿನ ಹಂಗಾಮಿನಲ್ಲಿ ಯಾವ ತಾರೀಖು ನೀರು ಮುಟ್ಟಿತು, ಎಷ್ಟು ಎಕರೆ ಒಣಗಿತು ಅಂತ ಒಂದು ಪುಟ ಬರೆದು ಶಾಸಕರ ಕೈಗೆ, ಭದ್ರಾ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಕೊಡಿ. ಶಾಸಕರೂ ಸಭೆಗೆ ಬರಿಗೈಲಿ ಹೋಗುವುದಕ್ಕಿಂತ ಅಂಕಿ ಇಟ್ಟುಕೊಂಡು ಹೋಗಲು ಇಷ್ಟಪಡುತ್ತಾರೆ.

ಕಾಗದ ಕೊಡುವ ಕ್ರಮ

ಕನ್ನಡದಲ್ಲೇ ಬರೆಯಿರಿ. 'ಇಂಗ್ಲಿಷ್‌ನಲ್ಲಿ ಬರೆದರೆ ತೂಕ' ಅನ್ನುವುದು ಸುಳ್ಳು. ಇದು ಕನ್ನಡ ಆಡಳಿತ ಭಾಷೆಯಾಗಿರುವ ರಾಜ್ಯ. ಒಂದು ಪುಟ ಸಾಕು. ಮೇಲೆ ವಿಷಯ ಒಂದು ಸಾಲು, ಕೆಳಗೆ ಎಲ್ಲಿ, ಏನು, ಎಷ್ಟು ದಿನದಿಂದ, ನಿಮಗೆ ಏನು ಬೇಕು. ದಿನಾಂಕ ಹಾಕಿದ ಎರಡು ಫೋಟೋ. ಕೊನೆಗೆ ಈ ಸಾಲು ಮರೆಯಬೇಡಿ: 'ಈ ಮನವಿಯ ಮೇಲೆ ಕೈಗೊಂಡ ಕ್ರಮದ ಬಗ್ಗೆ ನನಗೆ ಲಿಖಿತ ಹಿಂಬರಹ ನೀಡಬೇಕೆಂದು ಕೋರುತ್ತೇನೆ.'

ಹಿಂಬರಹ ಅಂದರೆ ಕಚೇರಿ ಬರೆದು ಕೊಡುವ ಉತ್ತರ. ಆ ಪದ ಕಚೇರಿಯವರಿಗೆ ಚೆನ್ನಾಗಿ ಗೊತ್ತು. ಅದನ್ನು ಕೇಳುವವರು ಕಡಿಮೆ. 'ಅನುದಾನ ಲಭ್ಯವಿಲ್ಲ' ಅಂತ ಹಿಂಬರಹ ಬಂದರೂ ಬೇಜಾರಾಗಬೇಡಿ. ಅದು ನಿಮ್ಮ ಮುಂದಿನ ಅರ್ಜಿಗೆ ಆಧಾರ.

ಕಾಗದವನ್ನು ಸಾಹೇಬರ ಕೈಗೆ ಕೊಟ್ಟು ಕೈಮುಗಿದು ಬರಬೇಡಿ. ಟಪಾಲು ವಿಭಾಗಕ್ಕೆ ಹೋಗಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ಸಹಿ, ತಾರೀಖು, ಇನ್ವರ್ಡ್ ನಂಬರ್ ಹಾಕಿಸಿಕೊಳ್ಳಿ. 'ಇರಲಿ ಬಿಡಿ ಸಾರ್, ನಾವು ನೋಡ್ಕೋತೀವಿ' ಅಂತಾರೆ. ನಗುನಗುತ್ತಲೇ ನಿಂತಿರಿ. ಸೀಲು ಬೀಳುವವರೆಗೆ ಕದಲಬೇಡಿ. ಹಾಕುವುದೇ ಇಲ್ಲ ಅಂದರೆ ಅಂಚೆ ಕಚೇರಿಗೆ ಹೋಗಿ ಅದೇ ಕಾಗದವನ್ನು ದಾಖಲೆ ಉಳಿಯುವ ಟಪಾಲಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ನೀವು ಕೇಳುತ್ತಿರುವುದು ಸರ್ಕಾರದ 'ಸಕಾಲ' ಯೋಜನೆಯಡಿ ಬರುವ ಸೇವೆ ಆಗಿದ್ದರೆ, ಉದಾಹರಣೆಗೆ ಜಾತಿ-ಆದಾಯ ಪ್ರಮಾಣಪತ್ರ, ಈ ರಾಮಾಯಣ ಏನೂ ಬೇಡ. 2011ರ ಕಾಯ್ದೆ ಪ್ರಕಾರ ಅರ್ಜಿಗೆ 15 ಅಂಕಿಯ ಗುರುತಿನ ಸಂಖ್ಯೆ (ಜಿಎಸ್‌ಸಿ ಸಂಖ್ಯೆ) ಕೊಡಬೇಕು, ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು.

ಹತ್ತು ರೂಪಾಯಿಯ ಆಯುಧ

ಹಿಂಬರಹ ಬರಲಿಲ್ಲವೋ, ಮಾಹಿತಿ ಹಕ್ಕಿಗೆ ಹೋಗಿ. 2005ರ ಕಾಯ್ದೆ, ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪ್ರತಿ ಪುಟದ ನಕಲಿಗೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರು ಶುಲ್ಕ ಕಟ್ಟಬೇಕಿಲ್ಲ, ಕಾರ್ಡಿನ ನಕಲು ಲಗತ್ತಿಸಿದರೆ ಸಾಕು. ರಾಜ್ಯ ಸರ್ಕಾರದ ಮಾಹಿತಿ ಹಕ್ಕು ಆನ್‌ಲೈನ್ ತಾಣದಲ್ಲೂ ಹಾಕಬಹುದು. ನಾನು ಮಾತ್ರ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೈಯಾರೆ ಕೊಡುವವನು. ಹಳೇ ಅಭ್ಯಾಸ.

ಬಹಳ ಜನ ಇಲ್ಲಿ ಎಡವುವುದು ಪ್ರಶ್ನೆ ಕೇಳುವುದರಲ್ಲಿ. 'ಚರಂಡಿ ಯಾಕೆ ಮಾಡಿಲ್ಲ?' ಅಂತ ಕೇಳಿದರೆ 'ಇದು ಮಾಹಿತಿ ವ್ಯಾಪ್ತಿಗೆ ಬರುವುದಿಲ್ಲ' ಅಂತ ಉತ್ತರ. ಯಾಕೆ ಅನ್ನುವುದು ಅಭಿಪ್ರಾಯ. ಕಡತದಲ್ಲಿ ಇರುವ ಕಾಗದ ಕೇಳಿ, ಅದು ಮಾಹಿತಿ. ನಮ್ಮ ರಾಜ್ಯದ ನಿಯಮದಲ್ಲಿ ಇನ್ನೊಂದು ತೊಡಕು ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ಹೀಗೆ ಬರೆಯಿರಿ:

'ಇಂಥ ವಾರ್ಡಿನ ಚರಂಡಿ ಕಾಮಗಾರಿಗಳಿಗೆ ಸಂಬಂಧಿಸಿ, ಈ ಆರ್ಥಿಕ ವರ್ಷದ ಅನುಮೋದಿತ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು ನೀಡಿ. ದಿನಾಂಕ ಇಷ್ಟರ ನನ್ನ ಮನವಿ, ಇನ್ವರ್ಡ್ ಸಂಖ್ಯೆ ಇಷ್ಟು, ಇದರ ಕಡತದ ಟಿಪ್ಪಣಿ ಹಾಳೆಯ ನಕಲನ್ನೂ ನೀಡಿ.'

ಆ ಕೊನೆಯ ವಾಕ್ಯವೇ ಮದ್ದು. ನಿಮ್ಮ ಕಾಗದ ಯಾವ ಮೇಜಿನಲ್ಲಿ ಎಷ್ಟು ದಿನ ಮಲಗಿತ್ತು, ಯಾರು ಏನು ಷರಾ ಬರೆದರು, ಎಲ್ಲ ಟಿಪ್ಪಣಿ ಹಾಳೆಯಲ್ಲಿ ಇರುತ್ತದೆ. ಎಷ್ಟೋ ಸಲ ಇಂಥ ಅರ್ಜಿ ಬಂತು ಅಂತಲೇ ಮಲಗಿದ್ದ ಕಡತ ಎದ್ದು ಕೂರುತ್ತದೆ.

ಉತ್ತರಕ್ಕೆ 30 ದಿನ. ಪ್ರಾಣ ಅಥವಾ ಸ್ವಾತಂತ್ರ್ಯದ ಪ್ರಶ್ನೆ ಇದ್ದರೆ 48 ಗಂಟೆ. ಬರಲಿಲ್ಲ ಅಥವಾ ಅರೆಬರೆ ಬಂತು ಅಂದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದಲ್ಲಿ ಸಮಯ ಹಿಡಿಯುತ್ತದೆ, ಅದನ್ನು ನಂಬಿ ಕೂರಬೇಡಿ. ಮೊದಲ ಮೇಲ್ಮನವಿಯನ್ನು ಮಾತ್ರ ತಪ್ಪಿಸಬೇಡಿ, ಜಾಸ್ತಿ ಮಾಹಿತಿ ಬರುವುದು ಆ ಹಂತದಲ್ಲೇ. ಹಾಗೆಯೇ, ನಕಲು ಬೇಡ ಅನ್ನಿಸಿದರೆ ಕಡತ ನೋಡಲು, ಕಾಮಗಾರಿ ಪರಿಶೀಲಿಸಲು, ಬಳಸಿದ ಸಾಮಗ್ರಿಯ ಮಾದರಿ ತೆಗೆದುಕೊಳ್ಳಲು ಸಹ ಕಾಯ್ದೆಯಲ್ಲಿ ಹಕ್ಕಿದೆ. ಸಿಮೆಂಟಿನ ಮಾದರಿ ಕೇಳಿದ ದಿನ ಗುತ್ತಿಗೆದಾರರ ಮುಖ ನೋಡಬೇಕು.

ಒಂದು ಎಚ್ಚರಿಕೆ. ಮಾಹಿತಿ ಹಕ್ಕನ್ನು ಹೆದರಿಸಿ ದುಡ್ಡು ಕೀಳಲು ಬಳಸುವವರು ನಮ್ಮ ಕಡೆಯೂ ಇದ್ದಾರೆ. ಕಚೇರಿಯವರು ನಿಮ್ಮನ್ನೂ ಹಾಗೇ ನೋಡಿಯಾರು. ಅದಕ್ಕೇ ಒಬ್ಬರೇ ಹೋಗಬೇಡಿ. ಬೀದಿಯ ನಾಲ್ಕು ಜನ, ಅದರಲ್ಲೂ ಇಬ್ಬರು ಹೆಣ್ಣುಮಕ್ಕಳು ಜೊತೆಗಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಹಳ್ಳಿಯಲ್ಲಿದ್ದರೆ ಗ್ರಾಮಸಭೆ ಬಿಡಬೇಡಿ

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ. ನಿಜ ಹೇಳಬೇಕೆಂದರೆ ಕೆಲವು ಕಡೆ ಸಭೆ ನಡೆಯುವುದು ಪುಸ್ತಕದಲ್ಲಿ ಮಾತ್ರ, ಸಹಿ ಮನೆಮನೆಗೆ ಬರುತ್ತದೆ. ಆ ಸಹಿ ಹಾಕಬೇಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಗೆ 'ಸಭೆಯ ದಿನಾಂಕ ತಿಳಿಸಿ' ಅಂತ ಒಂದು ಪತ್ರ ಕೊಟ್ಟು ಸೀಲು ಹಾಕಿಸಿ. ಸಭೆಯ ದಿನ ನಿಮ್ಮ ವಿಷಯವನ್ನು ಹೇಳಿ ಸುಮ್ಮನಾಗಬೇಡಿ, 'ಇದನ್ನು ನಡಾವಳಿಯಲ್ಲಿ ಬರೆದು ಓದಿ ಹೇಳಿ' ಅನ್ನಿ. ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ತಿಂಗಳುಗಟ್ಟಲೆ ಹಾಗೇ. 'ಘಟಕ ರಿಪೇರಿ ಮಾಡಿಸಿ' ಅನ್ನುವುದು ಅಳಲು. 'ಘಟಕದ ನಿರ್ವಹಣೆ ಯಾರಿಗೆ ವಹಿಸಿದೆ, ಕರಾರು ಎಷ್ಟು ವರ್ಷ, ಎಷ್ಟು ದಿನದೊಳಗೆ ರಿಪೇರಿ ಅಂತ ಇದೆ' ಅಂತ ಕೇಳಿ ಬರೆಸಿದರೆ ಅದು ನಿರ್ಣಯ.

ಗಣಿ ಇರುವ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕಿನ ಹಳ್ಳಿಯವರಿಗೆ ಇನ್ನೊಂದು ದಾರಿ ಇದೆ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಒಂದು ನಿಧಿ ಇದೆ. ಗಣಿಯವರು ಕಟ್ಟುವ ರಾಜಧನದ ಜೊತೆಗೆ, ಹಳೇ ಗುತ್ತಿಗೆಗೆ ಅದರ ಶೇ. 30, ಹರಾಜಿನಲ್ಲಿ ಬಂದ ಗುತ್ತಿಗೆಗೆ ಶೇ. 10 ಇದಕ್ಕೆ ಬೀಳುತ್ತದೆ. ದೂಳು ತಿನ್ನುವ ಊರಿನ ನೀರು, ಆಸ್ಪತ್ರೆ, ಶಾಲೆಗೇ ಆ ದುಡ್ಡು ಮೊದಲು ಹೋಗಬೇಕು. ನಿಮ್ಮೂರು ಬಾಧಿತ ಗ್ರಾಮಗಳ ಪಟ್ಟಿಯಲ್ಲಿ ಇದೆಯೇ? ಮೊದಲು ಅದನ್ನು ಕೇಳಿ.

ನಿಯಮ ಬರೆಯುವ ಮುಂಚೆಯೇ ಮಾತಾಡುವುದು

ಚರಂಡಿ ಒಂದು ಬೀದಿಯದು. ನೀತಿ ಬದಲಾದರೆ ನೂರು ಬೀದಿಗೆ ಅನ್ವಯ. ಸರ್ಕಾರ ನಿಯಮದ ಕರಡು ಹೊರಡಿಸಿದಾಗ, ವಾರ್ಡ್ ಗಡಿ ಬದಲಿಸಿದಾಗ, ಊರಿನ ಮಹಾಯೋಜನೆ ಮಾಡಿದಾಗ 'ಆಕ್ಷೇಪಣೆ, ಸಲಹೆ ಇದ್ದರೆ ಇಷ್ಟು ದಿನದೊಳಗೆ ಸಲ್ಲಿಸಿ' ಅಂತ ರಾಜ್ಯಪತ್ರದಲ್ಲೋ ಪತ್ರಿಕೆಯಲ್ಲೋ ಪ್ರಕಟಿಸುತ್ತದೆ. ನಿಮ್ಮ ಮನೆ ಮುಂದಿನ ಪಾರ್ಕ್ ಜಾಗ ವಾಣಿಜ್ಯ ಜಾಗವಾದರೆ ಅದು ನಕ್ಷೆಯಲ್ಲಿ ಬಣ್ಣ ಬದಲಾಗುವುದರಿಂದ ಶುರುವಾಗುತ್ತದೆ. ಕರಡು ನಕ್ಷೆ ಬಂದಾಗ ದೂಡಾ ಕಚೇರಿಗೆ ಹೋಗಿ ನಿಮ್ಮ ಬೀದಿಯ ಬಣ್ಣ ನೋಡಿಕೊಂಡು ಬನ್ನಿ. ವಿದ್ಯುತ್ ದರ ಏರಿಸಲು ಬೆಸ್ಕಾಂ ಅರ್ಜಿ ಹಾಕಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಕೂಡ ಹೀಗೇ ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ, ಯಾವ ಗ್ರಾಹಕರಾದರೂ ಹೋಗಬಹುದು.

ಗಣಿ, ದೊಡ್ಡ ಕಾರ್ಖಾನೆ ಬರುವುದಿದ್ದರೆ ಪರಿಸರ ಸಾರ್ವಜನಿಕ ಅಹವಾಲು ಸಭೆ. 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಿಸಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಡಿಸಿ ಕಚೇರಿ, ಪಂಚಾಯಿತಿಗಳಲ್ಲಿ ಸಿಗಬೇಕು. ಮಾತಾಡಲು ನೀವು ಆ ಊರಿನವರೇ ಆಗಿದ್ದರೆ ಸಾಕು, ಪದವಿ ಬೇಡ. ಸಭೆಯ ಕೊನೆಗೆ ಜನ ಹೇಳಿದ್ದನ್ನೆಲ್ಲ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಅಂತ ನಿಯಮವೇ ಇದೆ. ನಮ್ಮವರು ಜೋರಾಗಿ ಮಾತಾಡಿ, ಚಪ್ಪಾಳೆ ಗಿಟ್ಟಿಸಿ, ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಕೊನೆವರೆಗೆ ಕೂತು, ನೀವು ಹೇಳಿದ್ದು ಬರೆದಿದ್ದಾರೋ ಇಲ್ಲವೋ ಕೇಳಿಸಿಕೊಳ್ಳಿ. ಬರೆದೂ ಕೊಡಿ.

ಶಾಸಕರನ್ನು ಮದುವೆ ಮನೆಯಲ್ಲಿ ಹಿಡಿಯುವುದು ನಮ್ಮಲ್ಲಿ ರೂಢಿ. ಅಲ್ಲಿ ಅವರು 'ಆಯ್ತು ಮಾಡ್ಸೋಣ' ಅನ್ನದೆ ಇನ್ನೇನು ಅಂದಾರು? ಅವರಿಂದ ಕೇಳಬೇಕಾದ್ದು ಬೇರೆ ಮೂರಿವೆ. ಒಂದು, ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿ. ಎರಡು, ತಾಲ್ಲೂಕಿನ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ. ಅಲ್ಲಿ ಎಲ್ಲ ಇಲಾಖೆಯ ಅಧಿಕಾರಿಗಳೂ ಎದುರಿಗೆ ಕೂತಿರುತ್ತಾರೆ. ವಾರ ಮುಂಚೆ ಒಂದು ಚೀಟಿ ತಲುಪಿಸಿ. ಮೂರು, ಸದನದ ಪ್ರಶ್ನೆ. ಇದನ್ನು ಕೇಳುವವರು ತೀರಾ ಕಡಿಮೆ. ದಾವಣಗೆರೆ ಜಿಲ್ಲೆಯಲ್ಲಿ 7, ಚಿತ್ರದುರ್ಗದಲ್ಲಿ 6 ಶಾಸಕರಿದ್ದಾರೆ, ವಿಧಾನ ಪರಿಷತ್ ಸದಸ್ಯರು ಬೇರೆ. ಪ್ರಶ್ನೆಯನ್ನು ನೀವೇ ಬರೆದು ಕೊಡಿ. ಸಚಿವರ ಉತ್ತರ ಮುದ್ರಣವಾಗಿ ದಾಖಲೆಯಾಗುತ್ತದೆ, ಆಮೇಲೆ ಯಾವ ಅಧಿಕಾರಿಯೂ ಅದಕ್ಕೆ ವಿರುದ್ಧ ಹೇಳಲು ಹಿಂಜರಿಯುತ್ತಾರೆ.

ಪ್ರಶ್ನೆಯನ್ನು ಬಿಡಿಸಿ ಕೇಳುವುದು ಹೇಗೆ ಅನ್ನಲು ಭದ್ರಾ ಮೇಲ್ದಂಡೆಯೇ ಸಾಕು. ಬಯಲುಸೀಮೆಯ ಈ ನೀರಿಗಾಗಿ ಚಿತ್ರದುರ್ಗದ ಜನ ದಶಕಗಳ ಕಾಲ ಹೋರಾಡಿದರು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆ ಬಂದಾಗ ಪಟಾಕಿ ಹೊಡೆದವರೂ ಇದ್ದರು. ಘೋಷಣೆ ಆದ ಮೇಲೂ ಆ ದುಡ್ಡಿಗಾಗಿ ಧರಣಿ ಕೂರಬೇಕಾಯಿತು. ಹಾಗಾಗಿ 'ಯೋಜನೆ ಯಾವಾಗ ಮುಗಿಯುತ್ತೆ' ಅಂತ ಕೇಳಬೇಡಿ. ಘೋಷಿಸಿದ್ದು ಎಷ್ಟು, ಆಡಳಿತಾತ್ಮಕ ಅನುಮೋದನೆ ಎಷ್ಟಕ್ಕೆ, ಬಿಡುಗಡೆ ಎಷ್ಟು, ಖರ್ಚು ಎಷ್ಟು ಅಂತ ನಾಲ್ಕಾಗಿ ಒಡೆದು ಕೇಳಿ.

ಹಾಗಾದರೆ ಪ್ರತಿಭಟನೆ ಬೇಡವೇ?

ಬೇಕು. ಕಾಗದ ಇದ್ದೂ ಅಲುಗಾಡದಿದ್ದಾಗ ಬೇಕು. ಶಾಂತಿಯಿಂದ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ದಿನ, ಹೊತ್ತು, ಮೆರವಣಿಗೆ ದಾರಿ, ಸುಮಾರು ಎಷ್ಟು ಜನ ಅಂತ ಪೊಲೀಸ್ ಠಾಣೆಗೆ ಮುಂಚೆಯೇ ಬರೆದು ಕೊಡಿ. ಮೈಕಿಗೆ ಬೇರೆ ಅನುಮತಿ ಕೇಳಿ. ಮನವಿಯಲ್ಲಿ ಹಿಂದಿನ ಅರ್ಜಿಗಳ ಇನ್ವರ್ಡ್ ನಂಬರ್, ಹಿಂಬರಹ, ಮಾಹಿತಿ ಹಕ್ಕಿನ ಉತ್ತರ ಎಲ್ಲ ಲಗತ್ತಿಸಿ, ಪತ್ರಕರ್ತರಿಗೂ ಒಂದೊಂದು ಸೆಟ್ ಜೆರಾಕ್ಸ್ ಕೊಡಿ. ಬರಿ ಘೋಷಣೆಗೆ ಎರಡು ಕಾಲಂ, ದಾಖಲೆ ಇದ್ದರೆ ಅವರೇ ಎರಡು ದಿನ ಬರೆಯುತ್ತಾರೆ.

ಕೋರ್ಟು ಕೊನೆಗೆ. ಎರಡೂ ಜಿಲ್ಲೆಯವರು ಹೈಕೋರ್ಟಿಗೆ ಹೋಗಬೇಕಾದರೆ ಧಾರವಾಡ ಪೀಠಕ್ಕಲ್ಲ, ಬೆಂಗಳೂರಿಗೇ ಹೋಗಬೇಕು. ಅದಕ್ಕೂ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಇನ್ನು ನಮ್ಮ ಚರಂಡಿ. ಆಯಿತು. ಕೆಲಸ ನಡೆಯುವಾಗ ಅಂದಾಜು ಪಟ್ಟಿಯ ನಕಲು ಹಿಡಿದು ನಿಲ್ಲಬೇಕಿತ್ತು, ನಾನು ಆ ವಾರ ತಂಗಿಯ ಮನೆಗೆ ಹರಿಹರಕ್ಕೆ ಹೋಗಿದ್ದೆ. ಬಂದು ನೋಡಿದರೆ ಇಳಿಜಾರು ಉಲ್ಟಾ. ನೀರು ಮೋರಿಗೆ ಹೋಗುವ ಬದಲು ಪಕ್ಕದ ಮನೆ ಅಕ್ಕನವರ ಗೇಟಿನ ಹತ್ತಿರ ನಿಲ್ಲುತ್ತಿದೆ. ಅಳತೆ ಪುಸ್ತಕದ ನಕಲು ಕೇಳಿ ಹತ್ತು ರೂಪಾಯಿ ಕಟ್ಟಿ ಇವತ್ತಿಗೆ ಹನ್ನೊಂದು ದಿನ.